ಕೂಗು ನಿಂತದ್ದೆಲ್ಲಿ

ಅಕ್ಟೋಬರ್ 4, ಸಂಜೆ

ಕಾಲುಚೀಲ ಒಗೆದು ಕಿಟಕಿ ಸರಳಿಗೆ ಹಾಕಿದೆ. ಚೈನಿಗೆ ಎಣ್ಣೆ ಬಿಟ್ಟಾಯಿತು. ಬಲ ಮೊಣಕಾಲು ಪರವಾಗಿಲ್ಲ. ಕೂರುವ ಜಾಗದ ವಿಷಯ ಬೇಡ. ಐದು ದಿನ ಸೈಕಲ್ ಸೀಟಿನ ಮೇಲೆ ಕೂತವರಿಗೆ ಅದು ಗೊತ್ತು, ಕೂರದವರಿಗೆ ಹೇಳಿ ಪ್ರಯೋಜನವಿಲ್ಲ.

ಆರು ಜನರ ನಮ್ಮ ಸೈಕಲ್ ಸಾಲಿನಲ್ಲಿ ಇವತ್ತು ನನ್ನ ಹಿಂದೆ ಬೇಕರಿಯವನು. ನಿನ್ನೆ ಹಲ್ಲಿನ ಡಾಕ್ಟರಮ್ಮ. ಮೊನ್ನೆ ಮೇಷ್ಟ್ರು. ಉಳಿದವರು ಸಾಲಿನಲ್ಲಿ ಎಲ್ಲಿ ಬೇಕಾದರೂ ಸೇರಿಕೊಳ್ಳುತ್ತಾರೆ, ಬಿಡುತ್ತಾರೆ. ನನ್ನ ಹಿಂದೆ ಮಾತ್ರ ದಿನಕ್ಕೊಬ್ಬರು, ಪಾಳಿ ಹಾಕಿಕೊಂಡ ಹಾಗೆ. ಅದೂ ಹತ್ತಿರ ಬರುವುದಿಲ್ಲ. ಎರಡು ಸೈಕಲ್ ಹಿಡಿಸುವಷ್ಟು ಜಾಗ ಬಿಟ್ಟು, ಕತ್ತು ಉದ್ದ ಮಾಡಿಕೊಂಡು ಬರುತ್ತಾರೆ. ತಿರುಗಿ ನೋಡಿದರೆ ನಗುತ್ತಾರೆ. ಆ ನಗುವೇ ನನಗೆ ಸರಿಬರುತ್ತಿಲ್ಲ.

ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಲೈನ್ ಸೂಪರ್‌ವೈಸರ್ ಆಗಿದ್ದವಳು ನಾನು. ನಿವೃತ್ತಿಯಾಗಿ ನಾಲ್ಕು ತಿಂಗಳಾಯಿತು, ಕಣ್ಣು ನಿವೃತ್ತಿಯಾಗಿಲ್ಲ. ಯಾರು ಯಾರ ಮೇಲೆ ಕಣ್ಣಿಟ್ಟಿದ್ದಾರೆ ಅಂತ ದೂರದಿಂದಲೇ ಹೇಳಬಲ್ಲೆ. ಇಲ್ಲಿ ಎಲ್ಲರೂ ನನ್ನ ಮೇಲೆ ಇಟ್ಟಿದ್ದಾರೆ.

ಈ ಕಡೆ ಹಕ್ಕಿಗಳೇ ಇಲ್ಲ. ಎರಡೂ ಬದಿ ಇಷ್ಟೊಂದು ಮರ — ಒಂದಾದರೂ ಉಲಿಯಬೇಡವೇ? ತಂಗಿಗೆ ಹೇಳಿದೆ. ಅವಳು ನನ್ನ ಮುಖವನ್ನೇ ನೋಡಿ, "ಹೂಂ" ಅಂದಳು. ಅಷ್ಟೇ. ಅವಳೂ ಹೊಟ್ಟೆಯಲ್ಲಿ ಏನೋ ಇಟ್ಟುಕೊಂಡಿದ್ದಾಳೆ.

ಅಕ್ಟೋಬರ್ 5, ಮಧ್ಯಾಹ್ನ

ಪೆಟ್ರೋಲ್ ಬಂಕಿನ ಪಕ್ಕ, ನೆರಳು. ಉಳಿದವರು ಚಹಾ ಕುಡಿಯುತ್ತಿದ್ದಾರೆ. ನಾನು ಟಾಯ್ಲೆಟ್ಟಿಗೆ ಹೋಗಿ ಬರುವಷ್ಟರಲ್ಲಿ ಐದೂ ತಲೆ ಒಂದು ಕಡೆ ಸೇರಿತ್ತು. ಸಾಲಿನ ಮುಂದೆ ಹೋಗುವ ಕ್ಯಾಪ್ಟನ್ ಏನೋ ಹೇಳುತ್ತಿದ್ದ. ನನ್ನನ್ನು ಕಂಡದ್ದೇ ತಡ, ಬೇಕರಿಯವನು ಬಿಸ್ಕತ್ತಿನ ಪೊಟ್ಟಣ ಮುಂದೆ ಹಿಡಿದ. ಡಾಕ್ಟರಮ್ಮ ಆಕಾಶ ನೋಡಿದರು. ಆಕಾಶದಲ್ಲಿ ಏನೂ ಇರಲಿಲ್ಲ.

ಕ್ಯಾಪ್ಟನ್ ಹಿಂದೆ ಮಕ್ಕಳಿಗೆ ಈಜು ಕಲಿಸುತ್ತಿದ್ದವನು. ಎದೆಯುಬ್ಬಿಸಿ ಮಾತಾಡುವುದು ರೂಢಿ. ನನ್ನ ಎದುರಿಗೆ ಮಾತ್ರ ಈಗೀಗ ಒಂದೊಂದೇ ಅಕ್ಷರ ಬಿಡಿಸಿ, ಮಗುವಿಗೆ ಹೇಳುವಂತೆ ಹೇಳುತ್ತಾನೆ. "ಮೇಡಂ, ನೀರು, ಕುಡಿದ್ರಾ?" ಕುಡಿದೆ ಮಹಾರಾಯ. ಆದರೆ ಬೆನ್ನು ತಿರುಗಿಸಿದರೆ ಸಾಕು, ಮಾತನ್ನು ಬಾಯೊಳಗೇ ನುಂಗಿಕೊಳ್ಳುತ್ತಾನೆ. ಎಲ್ಲರೂ ಅಷ್ಟೇ. ಈ ಕಾಲದ ಜನ ಬಾಯಿ ಬಿಟ್ಟು ಮಾತಾಡುವುದನ್ನೇ ಮರೆತಿದ್ದಾರೆ.

ಏನು ನಡೆಯುತ್ತಿದೆ ಅಂತ ನನಗೆ ಗೊತ್ತಾಗಿದೆ. ಘಟ್ಟ. ಎಂಟನೇ ತಾರೀಕು ಘಟ್ಟ. ಬೆಳಗಿನಿಂದ ಹತ್ತಿ ತುದಿ ಮುಟ್ಟಿದರೆ, ಅಲ್ಲಿಂದ ಸಮುದ್ರದ ತನಕ ಇಳಿಜಾರು. ಪೆಡಲ್ ತುಳಿಯುವಂತೆಯೇ ಇಲ್ಲವಂತೆ, ಪ್ರತಿ ತಿರುವಿನಲ್ಲೂ ಕೆಳಗೆ ನೀರು ಕಾಣುತ್ತದಂತೆ. ಕೆಲಸದ ಕೊನೆಯ ವರ್ಷವೆಲ್ಲ ಕಾರ್ಖಾನೆಗೆ ಸೈಕಲ್‌ನಲ್ಲೇ ಹೋಗಿ ಬಂದದ್ದು ಆ ಒಂದು ಇಳಿಜಾರಿಗಾಗಿ. ಉಳಿದ ದಾರಿಯೆಲ್ಲ ಅದಕ್ಕೆ ತೆತ್ತ ಕಂದಾಯ. ಈಗ ವಯಸ್ಸಾಯಿತು ಅಂತ ನನ್ನನ್ನು ಅಲ್ಲಿ ವ್ಯಾನಿಗೆ ತುಂಬುವ ಹುನ್ನಾರ. ಮೇಷ್ಟ್ರು ನನಗಿಂತ ಒಂಬತ್ತು ವರ್ಷ ದೊಡ್ಡವರು. ಅವರನ್ನು ತುಂಬಲಿ ಮೊದಲು!

ಸಾಕ್ಷಿಯೂ ಸಿಕ್ಕಿತು. ವ್ಯಾನ್ ಓಡಿಸುವುದು ತಂಗಿಯ ಗಂಡ. ನಮ್ಮ ಚೀಲ, ನೀರು, ಬಿಡಿ ಟೈರು ಎಲ್ಲ ಅವನ ವಶ. ಇವತ್ತು ಬೆಳಿಗ್ಗೆ ಮುಂದಿನ ಸೀಟನ್ನು ಒರೆಸುತ್ತಿದ್ದ. ಐದು ದಿನ ಅದರ ಮೇಲೆ ಬಾಳೆಹಣ್ಣಿನ ಸಿಪ್ಪೆ ಬಿದ್ದಿತ್ತು, ಆಗ ಕೈ ಆಡಲಿಲ್ಲ. "ಅತ್ತಿಗೆ, ಸುಸ್ತಾದ್ರೆ ಯಾವಾಗ ಬೇಕಾದ್ರೂ ಹೇಳಿ, ಸಂಕೋಚ ಬೇಡ" ಅಂದ. ನಾನು ಸುಸ್ತು ಅಂದೆನೇ? ಜಪ್ಪಯ್ಯ ಅಂದರೂ ಆ ಸೀಟಿನ ಮೇಲೆ ಕೂರುವವಳಲ್ಲ.

ಅಕ್ಟೋಬರ್ 7, ಬೆಳಿಗ್ಗೆ

ನಿನ್ನೆ ಬರೆಯಲಿಲ್ಲ. ಬರೆಯುವ ಹಾಗಿರಲಿಲ್ಲ.

ತಂಗಿ ಬಿದ್ದಳು. ಮಧ್ಯಾಹ್ನದ ಇಳಿಜಾರಿನಲ್ಲಿ, ಗುಂಡಿಗೆ ಮುಂದಿನ ಚಕ್ರ ಇಳಿದು. ಗಲ್ಲಕ್ಕೆ ಹೊಲಿಗೆ. ಎಡ ಮಣಿಕಟ್ಟು ಊದಿ ಬದನೆಕಾಯಿಯಾಗಿದೆ. ಮೂಳೆ ಮುರಿದಿಲ್ಲ ಅಂತ ಎಕ್ಸ್‌ರೇ ನೋಡಿ ಹೇಳಿದರು. ಹಲ್ಲಿನ ಡಾಕ್ಟರಮ್ಮ ರಸ್ತೆಯಲ್ಲೇ ಬಾಯಿ ತೆರೆಸಿ ನೋಡಿದರು. ಹಲ್ಲೂ ಸರಿಯಾಗಿವೆ. ಹೆಲ್ಮೆಟ್ ಒಡೆದಿದೆ. ಹೆಲ್ಮೆಟ್ ಇಲ್ಲದಿದ್ದರೆ ಏನಾಗುತ್ತಿತ್ತು ಅನ್ನುವುದನ್ನು ಬರೆಯಲು ಕೈ ಬರುತ್ತಿಲ್ಲ.

ಅವಳು ಬಿದ್ದದ್ದು ನನ್ನ ಹಿಂದೆಯೇ. ನನಗೆ ಗೊತ್ತೇ ಆಗಲಿಲ್ಲ. ಮುಂದಿನ ಸೇತುವೆಯ ಹತ್ತಿರ ತಿರುಗಿ ನೋಡಿದರೆ ಹಿಂದೆ ಬರಿ ರಸ್ತೆ.

ಈಗ ಕಾರಣಕ್ಕೆ ಬರೋಣ. ಸಾಲಿನಲ್ಲಿ ಹೋಗುವಾಗ ರಸ್ತೆ ಕಾಣುವುದು ಮೊದಲನೆಯವನಿಗೆ ಮಾತ್ರ. ಉಳಿದವರಿಗೆ ಕಾಣುವುದು ಮುಂದಿನವರ ಬೆನ್ನು. ಅದಕ್ಕೇ ಕೂಗು. "ಗುಂಡಿ ಎಡಕ್ಕೆ!" ಅಂತ ಮೊದಲನೆಯವನು ಕೂಗಬೇಕು, ಕೇಳಿದ ಎರಡನೆಯವರು ಮೂರನೆಯವರಿಗೆ ಕೂಗಬೇಕು, ಹಾಗೆ ಬಾಲದ ತನಕ. ಸಮತಟ್ಟಿನಲ್ಲಿ ಕೈಸನ್ನೆಯೂ ಇರುತ್ತದೆ. ಇಳಿಜಾರಿನಲ್ಲಿ ಬ್ರೇಕಿನಿಂದ ಕೈ ತೆಗೆಯಬಾರದು ಅಂತ ಕ್ಯಾಪ್ಟನ್ನನ ಕಟ್ಟಪ್ಪಣೆ. ಅಲ್ಲಿ ಬಾಯೊಂದೇ ಗತಿ. ಗಾಳಿಯ ಅಬ್ಬರಕ್ಕೆ ಒಬ್ಬರ ಕೂಗು ಹಿಂದಿನ ಒಬ್ಬರನ್ನು ದಾಟುವುದಿಲ್ಲ. ಒಬ್ಬರು ಬಾಯಿ ಮುಚ್ಚಿದರೆ ಅದರ ಹಿಂದಿನವರೆಲ್ಲ ಕುರುಡರು.

ನಿನ್ನೆಯ ಸಾಲು: ಕ್ಯಾಪ್ಟನ್, ಡಾಕ್ಟರಮ್ಮ, ಬೇಕರಿಯವನು, ನಾನು, ತಂಗಿ, ಕೊನೆಗೆ ಮೇಷ್ಟ್ರು. ನನಗೆ ಯಾವ ಕೂಗೂ ಬರಲಿಲ್ಲ. ಆಣೆ ಮಾಡಿ ಹೇಳುತ್ತೇನೆ. ಬೇಕರಿಯವನು ಬಲಕ್ಕೆ ಸರಿದ, ಅವನ ಚಕ್ರದ ಜಾಡಿನಲ್ಲೇ ನಾನೂ ಸರಿದೆ. ಬಾಯಿ ಬಿಡಲಿಲ್ಲ ಅವನು. ಅಥವಾ ಅವನಿಗೇ ಕೂಗು ಬಂದಿರಲಿಲ್ಲ. ಮುಂದಿನ ಮೂವರಲ್ಲಿ ಒಬ್ಬರು ತಪ್ಪಿದ್ದಾರೆ. ಆಸ್ಪತ್ರೆಯ ಬೆಂಚಿನ ಮೇಲೆ ಅದನ್ನೇ ಕೇಳಿದೆ. ಕ್ಯಾಪ್ಟನ್ ತಕ್ಷಣ, "ಈಗ ಅದೆಲ್ಲ ಯಾಕೆ ಮೇಡಂ, ಬಿಡಿ" ಅಂದ.

ಬಿಡಿ ಅನ್ನುವವರನ್ನು ನಾನು ಯಾವತ್ತೂ ಬಿಟ್ಟವಳಲ್ಲ.

ಅದೇ ದಿನ, ಹನ್ನೊಂದು ಗಂಟೆ

ಇವತ್ತು ಚಿಕ್ಕ ದಿನ. ಕಾರ್ಯಕ್ರಮದ ಪ್ರಕಾರ ದೊಡ್ಡದಿತ್ತು, ಕ್ಯಾಪ್ಟನ್ ಕತ್ತರಿಸಿದ. ಕಾಲುವೆಯ ಏರಿಯ ಮೇಲೆ ಇಪ್ಪತ್ತು ಚಿಲ್ಲರೆ ಕಿಲೋಮೀಟರು, ಅಷ್ಟೇ. "ಆರಾಮಾಗಿ ಹೋಗೋಣ, ಯಾರೂ ಸಾಲು ಕಟ್ಟಬೇಕಾಗಿಲ್ಲ" ಅಂದ. ತಂಗಿ ವ್ಯಾನಿನಲ್ಲಿ.

ಆರಾಮವೇನೋ ಇತ್ತು, ಸುಳ್ಳು ಹೇಳಬಾರದು. ಒಂದು ಬದಿ ಹಸಿರು ನೀರು, ಇನ್ನೊಂದು ಬದಿ ನೆರಳು. ಡಾಕ್ಟರಮ್ಮ ಕೈ ಬಿಟ್ಟು ಸೈಕಲ್ ಹೊಡೆದು ಶಾಲೆಯ ಹುಡುಗಿಯಾದರು. ಮೇಷ್ಟ್ರು ದಾರಿಯಲ್ಲಿ ಸಿಕ್ಕ ಪ್ರತಿ ಕಲ್ಲುಬೆಂಚಿನ ಮೇಲೂ ಕೂತರು. "ಬೆಂಚು ಮಾಡಿದವರಿಗೆ ಬೇಜಾರಾಗ್ಬಾರ್ದು ಕಣಮ್ಮ" ಅಂದರು. ಬೇಕರಿಯವನು ಕಿತ್ತಳೆ ಕೊಂಡು ಎಲ್ಲರಿಗೂ ಸುಲಿದು ಹಂಚಿದ. ನನಗೆ ದೊಡ್ಡದು ಕೊಟ್ಟ. ತಪ್ಪಿತಸ್ಥರು ಯಾವಾಗಲೂ ದೊಡ್ಡ ಹಣ್ಣೇ ಕೊಡುತ್ತಾರೆ.

ಎಲ್ಲರೂ ನಗುತ್ತಿದ್ದರು. ನಿನ್ನೆ ಒಬ್ಬಳು ರಕ್ತ ಸುರಿಸಿಕೊಂಡು ರಸ್ತೆಯಲ್ಲಿ ಬಿದ್ದಿದ್ದಾಳೆ, ಇವತ್ತು ಇವರಿಗೆ ಕಾಲುವೆ ವಿಹಾರ. ಸಿಟ್ಟು ನೆತ್ತಿಗೇರಿತು. ಆದರೂ ಒಳ್ಳೆಯದೇ ಆಯಿತು. ಹತ್ತೂವರೆಗೆಲ್ಲ ತಂಗುವ ಜಾಗ ಮುಟ್ಟಿದ್ದೇವೆ. ಇಡೀ ದಿನ ನನ್ನ ಕೈಯಲ್ಲಿದೆ. ಲೈನಿನಲ್ಲಿ ಕೆಟ್ಟ ಪೀಸು ಬಂದರೆ ಹೇಗೆ ಹುಡುಕುತ್ತೇವೋ ಹಾಗೆ ಹುಡುಕುತ್ತೇನೆ. ಷರ್ಟಿನ ತೋಳು ಸೊಟ್ಟಗಿದ್ದರೆ ಇಸ್ತ್ರಿಯವಳನ್ನು ಬೈದು ಫಲವಿಲ್ಲ. ಅವಳಿಗೆ ಕೊಟ್ಟವಳು ಯಾರು, ಆ ಕೊಟ್ಟವಳಿಗೆ ಕೊಟ್ಟವಳು ಯಾರು, ಹಾಗೇ ಮೇಲಕ್ಕೆ ಹೋಗಬೇಕು. ಎಲ್ಲಿ ಹೊಲಿಗೆ ನೆಟ್ಟಗಿದೆಯೋ ಅದರ ಕೆಳಗಿನವಳು ಕಳ್ಳಿ.

ಎರಡು ಗಂಟೆ

ವಿಚಾರಣೆ ಮುಗಿಯಿತು. ಮುಗಿಯಿತು ಅಂದುಕೊಂಡಿದ್ದೇನೆ.

ಮೊದಲು ಕ್ಯಾಪ್ಟನ್. ಅಂಗಳದಲ್ಲಿ ಟೈರಿಗೆ ಗಾಳಿ ಹೊಡೆಯುತ್ತಿದ್ದ. ಎದುರಿಗೇ ನಿಂತೆ, ಓಡಿಹೋಗಲು ದಾರಿ ಬಿಡದೆ.

"ನಿನ್ನೆ ಗುಂಡಿ ನೋಡಿದ್ರಾ?"

"ನೋಡ್ದೆ ಮೇಡಂ."

"ಕೂಗಿದ್ರಾ?"

"ಕೂಗ್ದೆ. ಗಂಟಲು ಹರಿಯೋ ಹಾಗೆ ಕೂಗ್ದೆ." ಕಣ್ಣು ತಪ್ಪಿಸಲಿಲ್ಲ. ಈ ಹೊಲಿಗೆ ನೆಟ್ಟಗಿದೆ.

ಡಾಕ್ಟರಮ್ಮ ತಂತಿಯ ಮೇಲೆ ಬಟ್ಟೆ ಹರವುತ್ತಿದ್ದರು. ಒದ್ದೆ ಅಂಗಿಯನ್ನು ಎಳೆದು ಮುಖ ಕಾಣುವಂತೆ ಮಾಡಿಕೊಂಡೇ ಕೇಳಿದೆ.

"ಅಯ್ಯೋ ಸೂಪರ್‌ವೈಸರಮ್ಮ, ನಾನು ಕೂಗಿದ್ದಕ್ಕೆ ಬೇಕರಿಯವ್ರು ಬೆಚ್ಚಿಬಿದ್ರು. ಆಮೇಲೆ ಅವ್ರೂ —" ಅಲ್ಲಿಗೆ ನಿಲ್ಲಿಸಿಬಿಟ್ಟರು. ನನ್ನ ಭುಜದ ಮೇಲಿಂದ ಯಾರನ್ನೋ ನೋಡಿದರು. ತಿರುಗಿದೆ. ಕ್ಯಾಪ್ಟನ್. ತಲೆ ಅಲ್ಲಾಡಿಸುತ್ತಿದ್ದವನು ಕತ್ತು ನೋವಿನವರಂತೆ ಕತ್ತು ಉಜ್ಜಿಕೊಂಡ.

"ಅವ್ರೂ ಏನು?"

"ಏನಿಲ್ಲ. ನಂಗೆ ಹಿಂದೆ ಕಾಣ್ಸಲ್ವಲ್ಲ."

ಸಿಕ್ಕಿಬಿತ್ತು ಅಂದುಕೊಂಡೆ. ಬೇಕರಿಯವನನ್ನು ಎಲ್ಲರೂ ಸೇರಿ ಬಚ್ಚಿಡುತ್ತಿದ್ದಾರೆ. ಊಟದ ಮೇಜಿಗೆ ಬರುವ ತನಕ ಕಾದೆ. ಅವನು ಬ್ರೆಡ್ಡು ಕತ್ತರಿಸುತ್ತಿದ್ದ. ಒಂದು ಚೂರೂ ದಪ್ಪ-ತೆಳು ಇಲ್ಲ, ಅಂಥ ಕೈ. ಎಲ್ಲರ ಎದುರಿಗೇ ಕೇಳಿದೆ.

"ನೀವು ಕೂಗ್ಲಿಲ್ಲ ಅಲ್ವಾ?"

ಚಾಕು ನಿಂತಿತು. ದೊಡ್ಡ ಮುಖ ಕೆಂಪಾಯಿತು. ತಂಗಿಯನ್ನು ನೋಡಿದ. ತಂಗಿ ತಟ್ಟೆ ನೋಡಿದಳು.

"ಹೂಂ ಮೇಡಂ. ನಾನೇ. ಮರ್ತೇಹೋಯ್ತು."

"ಮರ್ತೇಹೋಯ್ತಾ? ನನ್ನ ತಂಗಿ ಗಲ್ಲ ನೋಡಿ ಹೇಳಿ ಇನ್ನೊಂದ್ಸಲ!" ಇನ್ನೂ ಏನೇನೋ ಅಂದೆ. ಬೇಕರಿಯ ಗಲ್ಲಾಪೆಟ್ಟಿಗೆ ಮುಂದೆ ಕೂತು ನೊಣ ಹೊಡೆಯುವವರಿಗೆ ಸಾಲಿನ ಶಿಸ್ತು ಎಲ್ಲಿಂದ ಬರಬೇಕು ಅಂದೆ. ಅದು ಬೇಕಿರಲಿಲ್ಲ. ಅವನು ತಲೆ ತಗ್ಗಿಸಿ, "ತಪ್ಪಾಯ್ತು" ಅಂದ. ಮೇಷ್ಟ್ರು ಸಾರಿನ ಬಟ್ಟಲನ್ನು ದಿಟ್ಟಿಸುತ್ತಾ ಕೂತರು.

ಗೆದ್ದೆ. ಕೋಣೆಗೆ ಬಂದು ಇದನ್ನು ಬರೆಯುತ್ತಿದ್ದೇನೆ.

ಆದರೆ ತಲೆಯಲ್ಲಿ ಒಂದು ಹುಳ ಹೊಕ್ಕಿದೆ. ನಾನು ನೋಡಿರುವ ಕಳ್ಳಿಯರಲ್ಲಿ ಒಬ್ಬಳೂ ಇಷ್ಟು ಬೇಗ ಒಪ್ಪಿಕೊಂಡದ್ದಿಲ್ಲ. ಮೆಷಿನ್ ಸರಿಯಿಲ್ಲ, ದಾರ ಸರಿಯಿಲ್ಲ, ಕರೆಂಟು ಹೋಯಿತು — ಇಷ್ಟಾದರೂ ಹೇಳಿಯೇ ಹೇಳುತ್ತಾರೆ. ಕೇಳಿದ ಕೂಡಲೇ 'ನಾನೇ' ಅನ್ನುವವಳು ಇನ್ನೊಬ್ಬಳನ್ನು ಕಾಪಾಡುತ್ತಿರುತ್ತಾಳೆ.

ಬೇಕರಿಯವನು ಯಾರನ್ನು ಕಾಪಾಡುತ್ತಿದ್ದಾನೆ? ಡಾಕ್ಟರಮ್ಮನ ಹೊಲಿಗೆ ನೆಟ್ಟಗಿತ್ತು. ಮೇಷ್ಟ್ರು ಇದ್ದದ್ದು ತಂಗಿಯ ಹಿಂದೆ. ಇನ್ನುಳಿದವರು ಯಾರು?

ತಂಗಿ ಬಾಗಿಲಲ್ಲಿ ನಿಂತು ಬಾಚಣಿಗೆ ತೋರಿಸುತ್ತಿದ್ದಾಳೆ. ಒಂದು ಕೈಯಲ್ಲಿ ಜಡೆ ಹಾಕಿಕೊಳ್ಳಲು ಆಗುತ್ತಿಲ್ಲ.

ಐದು ಗಂಟೆ

ಬರೆದುಬಿಡುತ್ತೇನೆ. ಆಮೇಲೆ ಬರೆದರೆ ನನಗೆ ಅನುಕೂಲವಾಗುವಂತೆ ಬರೆದುಕೊಳ್ಳುತ್ತೇನೆ, ನನ್ನ ಬುದ್ಧಿ ನನಗೆ ಗೊತ್ತು.

ತಂಗಿಯನ್ನು ಕುರ್ಚಿಯಲ್ಲಿ ಕೂರಿಸಿ ಹಿಂದೆ ನಿಂತು ತಲೆ ಬಾಚುತ್ತಿದ್ದೆ. ಕೂದಲಲ್ಲಿ ಇನ್ನೂ ರಸ್ತೆಯ ಮಣ್ಣು. ಸಿಕ್ಕು ಬಿಡಿಸುತ್ತಾ ನನ್ನ ಲೆಕ್ಕಾಚಾರದಲ್ಲೇ ಇದ್ದೆ — ಬೇಕರಿಯವನು, ಕ್ಯಾಪ್ಟನ್ನನ ಕತ್ತು ನೋವು, ಪಾಳಿ. ಟೇಬಲ್ ಫ್ಯಾನ್ ತಿರುಗುತ್ತಿತ್ತು. ಕೋಣೆ ತಣ್ಣಗೆ, ನಿಶ್ಶಬ್ದವಾಗಿತ್ತು. ಕಿಟಕಿಯ ಪಕ್ಕದ ಗೋಡೆಗೆ ಸಣ್ಣ ಕನ್ನಡಿ. ಬೈತಲೆ ನೆಟ್ಟಗಿದೆಯೇ ಅಂತ ಅದರಲ್ಲಿ ನೋಡಿದೆ.

ಕನ್ನಡಿಯಲ್ಲಿ ತಂಗಿಯ ತುಟಿ ಆಡುತ್ತಿತ್ತು.

ಸುಮ್ಮನೆ ಒಂದೆರಡು ಸಲ ಅಲ್ಲ. ಎಡೆಬಿಡದೆ ಆಡುತ್ತಿತ್ತು. ಕಣ್ಣಲ್ಲಿ ನೀರು ಬೇರೆ. ಕೈ ಅಲ್ಲೇ ನಿಂತಿತು.

"ಯಾರ ಹತ್ರ ಮಾತಾಡ್ತಿದ್ದೀಯೇ?"

ಅವಳು ಕನ್ನಡಿಯಲ್ಲೇ ನನ್ನನ್ನು ನೋಡಿದಳು. ಆಮೇಲೆ ಕುರ್ಚಿಯಲ್ಲೇ ತಿರುಗಿ, ಮುಖಕ್ಕೆ ಮುಖ ಕೊಟ್ಟು ಕೂತಳು.

"ನಿನ್ ಹತ್ರನೇ ಅಕ್ಕ."

"ಎಷ್ಟೊತ್ತಿಂದ?"

"ಕೂತಾಗಿಂದ. ಎಲ್ಲಾ ಹೇಳ್ಬಿಟ್ಟೆ. ನಿನ್ ಮುಖ ನೋಡ್ಕೊಂಡು ಹೇಳೋಕೆ ಧೈರ್ಯ ಸಾಲ್ಲಿಲ್ಲ. ಬೆನ್ನು ಹಾಕಿ ಹೇಳಿದ್ರೆ ಕೇಳ್ಸಲ್ಲ ಅಂತಾನೂ ಗೊತ್ತಿತ್ತು."

ನಗಬೇಕೆಂದುಕೊಂಡೆ. ಫ್ಯಾನ್ ಸದ್ದು ಅಂದೆ. ಅವಳು ಎದ್ದು ಫ್ಯಾನ್ ಆರಿಸಿದಳು. ಬಾಗಿಲ ತನಕ ಹೋಗಿ, ನನಗೆ ಬೆನ್ನು ಹಾಕಿ ನಿಂತಳು. ಭುಜ ಮೇಲೆ ಕೆಳಗೆ ಆಯಿತು. ಮಾತಾಡುತ್ತಿದ್ದಾಳೆ ಅಂತ ಭುಜದಿಂದ ಗೊತ್ತಾಯಿತು. ತಿರುಗಿದಳು. "ಏನು ಹೇಳ್ದೆ?" ಅಂತ ಕೇಳಿದಳು. ನಾನು ಬಾಚಣಿಗೆಗೆ ಸಿಕ್ಕ ಕೂದಲು ಬಿಡಿಸತೊಡಗಿದೆ.

ಆಮೇಲೆ ಮತ್ತೆ ಎಲ್ಲ ಹೇಳಿದಳು, ಈ ಸಲ ಎದುರಿಗೆ ಕೂತು. ಎರಡನೇ ದಿನವೇ ಎಲ್ಲರಿಗೂ ಗೊತ್ತಾಗಿತ್ತಂತೆ. ಕೂಗು ನನ್ನ ತನಕ ಬಂದು ನಿಂತುಬಿಡುತ್ತಿತ್ತಂತೆ. ಅವತ್ತು ನನ್ನ ಹಿಂದಿದ್ದ ಮೇಷ್ಟ್ರು ಕಲ್ಲಿಗೆ ಹತ್ತಿಸಿ ಸ್ವಲ್ಪದರಲ್ಲೇ ಬಚಾವಾದರಂತೆ.

"ನನಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಏನ್ ಮಾಡ್ತಿದ್ದೆ?"

"ಕಿತ್ತಾಡಿಬಿಟ್ಟು ಮನೆಗೆ ಹೋಗ್ತಿದ್ದೆ."

"ಅದಕ್ಕೇ. ನೀನು ಈ ಇಳಿಜಾರು ಇಳಿಜಾರು ಅಂತ ಒಂದು ವರ್ಷದಿಂದ ಜಪ ಮಾಡಿದ್ದೀಯ. ನಿನ್ ಹಿಂದೆ ಇರೋರು ಕೂಗು ಬರಲ್ಲ ಅಂತ ತಿಳ್ಕೊಂಡೇ, ಜಾಗ ಬಿಟ್ಟು, ತಾವೇ ರಸ್ತೆ ನೋಡ್ಕೊಂಡು ಬರೋದು ಅಂತ ಮಾತಾಡ್ಕೊಂಡ್ವಿ. ಒಬ್ಬರ ತಲೆ ಮೇಲೇ ಹಾಕೋದು ಬೇಡ ಅಂತ ದಿನಕ್ಕೊಬ್ರು. ಅದನ್ನ ಹೇಳಿದ್ದೇ ಬೇಕರಿಯವ್ರು."

"ನನ್ನ ಕೊನೇಗೆ ಹಾಕ್ಬೋದಿತ್ತಲ್ಲ."

"ಕೊನೇಲಿ ಇರೋರು ಹಿಂದೆ ಬರೋ ಲಾರಿ ಸದ್ದು ಕೇಳಿ ಮುಂದಕ್ಕೆ ಹೇಳ್ಬೇಕಲ್ಲಕ್ಕ." ಮೆಲ್ಲಗೆ ಹೇಳಿದಳು. ತುಟಿ ನೋಡಿದೆ, ತಿಳಿಯಿತು. ಮೊದಲ ಸಲ ನಾನು ತುಟಿ ನೋಡುತ್ತಿದ್ದೇನೆ ಅಂತ ನನಗೇ ತಿಳಿಯಿತು. ಅರವತ್ತು ಮೆಷಿನ್ನುಗಳ ನಡುವೆ ನಾವೆಲ್ಲ ಮಾತಾಡುತ್ತಿದ್ದದ್ದೇ ಹಾಗೆ. ಅಲ್ಲಿ ಯಾರಿಗೂ ಯಾರ ಸದ್ದೂ ಬೇಕಿರಲಿಲ್ಲ. ಕಿವಿ ಯಾವಾಗ ಹೋಯಿತೋ, ಯಾರು ಲೆಕ್ಕ ಇಟ್ಟರು?

"ಮನೆ ಬೆಲ್ ಹೊಡ್ದೂ ಹೊಡ್ದೂ ಸಾಕಾಗಿ ಕಿಟಕೀಲಿ ಕೈ ಬೀಸ್ತಿರ್ತೀನಲ್ಲ, ನಿನಗೆ ಅನುಮಾನನೇ ಬರ್ಲಿಲ್ವಾ?" ಅಂದಳು.

ಅನುಮಾನ! ಹಾಲಿನವನ ಮೇಲೆ ಬಂದಿದೆ. ಎದುರು ಮನೆಯವರ ಮೇಲೆ ಬಂದಿದೆ. ಬೆಲ್ ರಿಪೇರಿ ಮಾಡಿದವನ ಮೇಲೆ ಎರಡು ಸಲ ಬಂದಿದೆ.

ಮೊದಲು ಬಂದದ್ದು ಸಿಟ್ಟು, ನಾಚಿಕೆಯಲ್ಲ. ನನ್ನನ್ನು ಮಗುವಿನ ಹಾಗೆ ಎತ್ತಿಕೊಂಡು ನಡೆದಿದ್ದಾರೆ, ನಾನು ನನ್ನ ಕಾಲಲ್ಲೇ ನಡೆದೆ ಅಂದುಕೊಂಡಿದ್ದೇನೆ. ಆರು ಜನ ಸೇರಿ ನನ್ನ ಕಣ್ಣಿಗೆ ಮಣ್ಣೆರಚಿದ್ದಾರೆ. ಇನ್ನೂ ಬಯ್ಯುವವಳಿದ್ದೆ. ಆಗ ಒಂದು ಪ್ರಶ್ನೆ ಹೊಳೆಯಿತು.

"ಜಾಗ ಬಿಟ್ಟು ಬರೋದು ಅಂದ್ಯಲ್ಲ. ಜಾಗ ಬಿಟ್ಟಿದ್ರೆ ಗುಂಡಿ ಕಾಣ್ಸಬೇಕಿತ್ತು ನಿನಗೆ."

ಅವಳು ಗಲ್ಲದ ಪಟ್ಟಿ ಮುಟ್ಟಿಕೊಂಡಳು. "ನಿನ್ನೆ ಡಾಕ್ಟರ್ ಪಾಳಿ. ಇಳಿಜಾರು ಕಡಿದಾಗಿದೆ, ನನ್ನಕ್ಕ, ನಾನೇ ಇರ್ತೀನಿ ಅಂತ ಕೇಳಿ ತಗೊಂಡೆ. ಜಾಗ ಬಿಟ್ಟೇ ಬರ್ತಿದ್ದೆ. ಆಮೇಲೆ ನೀನು ಹಾಡೋಕೆ ಶುರು ಮಾಡ್ದೆ. ಜೋರಾಗಿ. ಅಮ್ಮ ಹೇಳ್ತಿದ್ಲಲ್ಲ, ತೊಟ್ಟಿಲು ತೂಗೋವಾಗ, ಅದು. ಸರಿಯಾಗಿ ಕೇಳೋಣ ಅಂತ ಹತ್ರ ಬಂದೆ."

ನಾನು ಹಾಡುತ್ತಿದ್ದೆನೇ? ಮನಸ್ಸಿನೊಳಗೆ ಅಂದುಕೊಂಡಿದ್ದೆ.

ಜಡೆ ಹಾಕಿ ಮುಗಿಸಿದೆ. ಬಚ್ಚಲಿಗೆ ಹೋಗಿ, ಅಳುವುದು ಅವಳಿಗೆ ಕೇಳಿಸಬಾರದೆಂದು ನಲ್ಲಿ ಬಿಟ್ಟೆ. ಅತ್ತೆ. ನನಗೆ ನಲ್ಲಿಯ ಸದ್ದೂ ಇರಲಿಲ್ಲ, ನನ್ನ ಸದ್ದೂ ಇರಲಿಲ್ಲ.

ಏಳು ಗಂಟೆ

ಬೇಕರಿಯವನು ಕಾಲುವೆಯ ಮೆಟ್ಟಿಲ ಮೇಲೆ ನೀರಿಗೆ ಕಾಲು ಇಳಿಬಿಟ್ಟು ಕೂತಿದ್ದ. ಪಕ್ಕದಲ್ಲಿ ಕೂರಲಿಲ್ಲ. ಎರಡು ಮೆಟ್ಟಿಲು ಕೆಳಗಿಳಿದು ನೀರಲ್ಲೇ ನಿಂತೆ, ಮುಖ ಕಾಣಬೇಕಲ್ಲ.

"ಯಾಕೆ ಒಪ್ಕೊಂಡ್ರಿ?"

"ನೀವು ಅಷ್ಟು ಜೋರಾಗಿ ಕೇಳಿದ್ರಿ ಮೇಡಂ. ಹೆದರಿಕೆ ಆಯ್ತು." ನಗುತ್ತಿದ್ದ. ಆಮೇಲೆ ನಗು ಬಿಟ್ಟು, "ನಮ್ಮಮ್ಮಂಗೂ ಹೀಗೇ ಆಗಿತ್ತು. ಮನೇಲಿ ಯಾರೂ ಹೇಳ್ಲಿಲ್ಲ, ಬರೀ ಕೂಗಾಡ್ತಿದ್ವಿ. ಕೊನೇಗೆ ಅವ್ಳು ಮಾತಾಡೋದೇ ಬಿಟ್ಬಿಟ್ಲು" ಅಂದ.

ನೊಣ ಹೊಡೆಯುವ ಮಾತಿಗೆ ಕ್ಷಮೆ ಕೇಳಿದೆ. "ನಿಜಾನೇ ಅಲ್ವಾ, ಬೇಕರೀಲಿ ನೊಣ ಜಾಸ್ತಿ" ಅಂದ. ನಾಳೆ ಘಟ್ಟದಲ್ಲಿ ನನ್ನ ಹಿಂದೆ ಯಾರು ಅಂತ ಕೇಳಿದೆ. ತಾನೇ ಅಂದ. ಬೆಳಗಿನಿಂದಲೇ ನಿಗದಿಯಾಗಿದೆಯಂತೆ, ನನ್ನ ಕೈಲಿ ಬೈಸಿಕೊಳ್ಳುವ ಮುಂಚಿನಿಂದಲೇ. ಅವನಿಗೆ ಎರಡು ಹೆಣ್ಣುಮಕ್ಕಳು. ಸಂಜೆ ಸಂಜೆ ಫೋನಿನಲ್ಲಿ ಅವರಿಗೆ ಆ ದಿನದ ಗುಡ್ಡ ತೋರಿಸುತ್ತಾನೆ.

ಊಟದ ಮೇಜಿನಲ್ಲಿ ಹೇಳಿದೆ. "ನಾಳೆ ಹತ್ತುವಾಗ ನಿಮ್ಮ ಜೊತೆ ಬರ್ತೀನಿ. ತುದೀಲಿ ಸೈಕಲ್ ವ್ಯಾನಿಗೆ ಹಾಕಿ. ಇಳಿಯುವಾಗ ನಾನಿಲ್ಲ."

ಐದೂ ಜನ ಒಟ್ಟಿಗೇ ಮಾತಾಡಿದರು. ಒಬ್ಬರದೂ ತಿಳಿಯಲಿಲ್ಲ. ಒಬ್ಬೊಬ್ಬರಾಗಿ ಅಂದೆ. ಬಾಯಿ ಬಿಟ್ಟು ಕೇಳಿದ್ದು ಇದೇ ಮೊದಲು. ಸುಲಭವಿರಲಿಲ್ಲ. ಕ್ಯಾಪ್ಟನ್ ಪಾಳಿ ಇದೆ ಅಂದ. ಡಾಕ್ಟರಮ್ಮ ನಿಧಾನವಾಗಿ ಇಳಿಯೋಣ ಅಂದರು. ಮೇಷ್ಟ್ರು ನನ್ನ ತಟ್ಟೆಗೆ ಇನ್ನೊಂದು ಮೊಟ್ಟೆ ಹಾಕಿದರು.

ಪಾಳಿ ಬೇಡ ಅಂದೆ. ಒಬ್ಬಳ ಗಲ್ಲ ಸಾಕು.

ಆಸೆ ಹೋಗಿಲ್ಲ. ಹೋಗಿದೆ ಅಂತ ಬರೆದರೆ ಸುಳ್ಳಾಗುತ್ತದೆ. ಕಣ್ಣು ಮುಚ್ಚಿದರೆ ಈಗಲೂ ಅದೇ ಇಳಿಜಾರು, ಮುಖಕ್ಕೆ ಗಾಳಿ, ಕೆಳಗೆ ನೀರು.

ಅಕ್ಟೋಬರ್ 8, ಘಟ್ಟದ ತುದಿ

ಹತ್ತಿದೆ! ನಡುವೆ ಎರಡು ಕಡೆ ಇಳಿದು ತಳ್ಳಿದೆ, ಮೇಷ್ಟ್ರೂ ತಳ್ಳಿದರು. ಏರಿನಲ್ಲಿ ಯಾರಿಗೂ ವೇಗವಿಲ್ಲ, ಕೈಸನ್ನೆ ಸಾಕಾಯಿತು.

ಸೈಕಲ್ ವ್ಯಾನಿನ ತಲೆಗೇರಿದೆ. ನಾನು ಮುಂದಿನ ಸೀಟಿನಲ್ಲಿ. ತಂಗಿ ನಡುವೆ, ಅವಳ ಗಂಡ ಸ್ಟೇರಿಂಗಿನ ಹಿಂದೆ. ಇವನ ಡ್ರೈವಿಂಗಿನ ಮೇಲೆ ನನಗೆ ನಂಬಿಕೆಯಿಲ್ಲ. ಗೇರು ಹಾಕುವಾಗ ನಾಲಿಗೆ ಹೊರಗೆ ಹಾಕುತ್ತಾನೆ. ಸಮುದ್ರ ಇನ್ನೂ ಕಂಡಿಲ್ಲ, ಮುಂದೆ ಬರೀ ಮಂಜು. ಈ ಪುಸ್ತಕ ಮೊಣಕಾಲ ಮೇಲಿದೆ. ಕೈಗೆ ಏನಾದರೂ ಕೆಲಸ ಬೇಕು, ಇಲ್ಲದಿದ್ದರೆ ಬಾಗಿಲು ತೆಗೆದುಕೊಂಡು ಇಳಿದುಬಿಡುತ್ತೇನೆ.

ಅವರು ಸಾಲು ಕಟ್ಟಿದರು. ಕ್ಯಾಪ್ಟನ್, ಡಾಕ್ಟರಮ್ಮ, ಬೇಕರಿಯವನು, ಮೇಷ್ಟ್ರು. ಹಿಂದೆ ನಾವು. ಹೊರಟರು.

ಇಳಿಜಾರು ಶುರು. ವ್ಯಾನ್ ಅಲುಗುತ್ತಿದೆ, ಅಕ್ಷರ ಸೊಟ್ಟ. ಹೊಟ್ಟೆ ಉರಿಯುತ್ತಿದೆ. ಅವರ ಅಂಗಿಗಳು ಗಾಳಿಗೆ ಉಬ್ಬಿವೆ. ನನ್ನ ಅಂಗಿ ಸೀಟಿಗೆ ಅಂಟಿದೆ.

ಮೊದಲ ದೊಡ್ಡ ತಿರುವು. ರಸ್ತೆ ಹಿಂದಕ್ಕೇ ತಿರುಗಿಕೊಳ್ಳುತ್ತದೆ, ಆಗ ಎಲ್ಲರ ಮು ಕೆಳಗಡೆ ಪಕ್ಕದಿಂದ ಕಾಣುತ್ತದೆ. ಮುಖ ಅಂತ ಬರೆಯಲು ಹೋದೆ, ಎಗರಿತು. ಕ್ಯಾಪ್ಟನ್ನನ ಬಾಯಿ ತೆರೆಯಿತು. ಹಿಂದೆಯೇ ಡಾಕ್ಟರಮ್ಮನ ಬಾಯಿ. ಹಿಂದೆಯೇ ಬೇಕರಿಯವನದು, ಬೆಳಿಗ್ಗೆ ಒಲೆ ಬಾಗಿಲು ತೆಗೆದಷ್ಟು ದೊಡ್ಡದಾಗಿ. ಮೇಷ್ಟ್ರು ಬಲಕ್ಕೆ ಸರಿದರು. ಕೂಗು ಹೋಗುವುದನ್ನು ಕಂಡೆ. ಬಾಯಿಂದ ಬಾಯಿಗೆ, ಎಲ್ಲೂ ನಿಲ್ಲದೆ. ಎಷ್ಟು ಬೇಗ ಹೋಗುತ್ತದೆ ಅದು! ಇಷ್ಟು ದಿನ ನನ್ನ ಹತ್ತಿರ ಬಂದು ಸತ್ತದ್ದು ಇದೇ.

ತಂಗಿ ಮೊಣಕೈಯಿಂದ ತಿವಿದಳು. ಸಮುದ್ರ. ನೋಡಿದೆ. ಇದೆ.

ಎರಡನೇ ತಿರುವು. ಮತ್ತೆ ಕ್ಯಾಪ್ಟನ್, ಡಾಕ್ಟರಮ್ಮ, ಬೇಕರಿಯವನು. ಮೇಷ್ಟ್ರ ಹಿಂದೆ ಯಾವ ಸೈಕಲ್ಲೂ ಇಲ್ಲ, ಅವರು ಯಾರಿಗೂ ಕೂಗಬೇಕಾಗಿಲ್ಲ. ಆದರೂ ಮುಖ ಪಕ್ಕಕ್ಕೆ ತಿರುಗಿಸಿ, ವ್ಯಾನಿನ ಕಡೆಗೆ, ಬಾಯಿ ಅಗಲ ಮಾಡಿ ಒಂದೊಂದೇ ಅಕ್ಷರ ಕೂಗಿದರು. ನನಗೆ.

"ಗುಂಡಿ, ಎಡಕ್ಕೆ!" ಅಂದೆ. ಬಹಳ ಜೋರಾಗಿ ಅಂದಿರಬೇಕು. ತಂಗಿಯ ಗಂಡ ಬೆಚ್ಚಿ ಸ್ಟೇರಿಂಗ್ ತಿರುಗಿಸಿದ. ಕಿಟಕಿಯಿಂದ ಬಗ್ಗಿ ನೋಡಿದೆ. ನನ್ನ ಕಡೆಯ ಚಕ್ರದ ಪಕ್ಕದಲ್ಲೇ ಹಾದುಹೋಯಿತು, ಅಷ್ಟು ದೊಡ್ಡದು.

"ಅತ್ತಿಗೆ, ಹೀಗೇ ಹೇಳ್ತಾ ಇರಿ" ಅಂದ, ನನ್ನ ಕಡೆ ತಿರುಗಿ, ನಾಲಿಗೆ ಒಳಗೆ ಹಾಕಿಕೊಂಡು. ರಸ್ತೆ ನೋಡಪ್ಪ, ನನ್ನನ್ನಲ್ಲ.

ಮುಂದೆ ಇನ್ನೊಂದು ತಿರುವು. ಮೇಷ್ಟ್ರ ಹೆಲ್ಮೆಟ್ ಅಲುಗಿತು, ತಿರುಗುತ್ತಿದ್ದಾರೆ. ಬರೆಯುತ್ತಾ ಕೂತರೆ ನನಗೆ ಅವರ ಬಾಯಿ